ಗಡಿಯಾಚೆಗಿನ ‘ಅನ್‌ಲಿಮಿಟೆಡ್’

ಸ್ಟುಟ್‌ಗಾರ್ಟ್‌ನಲ್ಲಿರುವ ಓದುಗರೊಬ್ಬರ ಪ್ರಶ್ನೆ: ತಿಂಗಳಿಗೆ 23.80 ಯೂರೋದ ಅನ್‌ಲಿಮಿಟೆಡ್ ಪ್ಲ್ಯಾನ್ ನನ್ನದು. ಪ್ಯಾರಿಸ್‌ನಲ್ಲಿ ಮಾತ್ರ 37 ಜಿಬಿ ಅನ್ನುತ್ತಾರೆ. ಇದು ನೆಟ್ ನ್ಯೂಟ್ರಾಲಿಟಿಗೆ ವಿರುದ್ಧವಲ್ಲವೇ?

ಸಂಪಾದಕರ ಉತ್ತರ: ವಿರುದ್ಧವಲ್ಲ. ನ್ಯೂಟ್ರಾಲಿಟಿ, ರೋಮಿಂಗ್ ಎರಡೂ 2015ರ ಒಂದೇ ಐರೋಪ್ಯ ಕಾನೂನಿನಲ್ಲಿ ಬಂದದ್ದರಿಂದ ಹೀಗೆ ಬೆರೆತುಹೋಗುತ್ತವೆ. ಇಂಟರ್‌ನೆಟ್‌ನಲ್ಲಿ ಒಂದೊಂದು ಆ್ಯಪ್‌ಗೆ ಒಂದೊಂದು ನ್ಯಾಯ ಕೂಡದು ಎಂಬುದು ನ್ಯೂಟ್ರಾಲಿಟಿ. ಒಕ್ಕೂಟದ ಬೇರೆ ದೇಶಕ್ಕೆ ಹೋದಾಗ ಊರಿನ ದರದಲ್ಲೇ ಎಷ್ಟು ಜಿಬಿ ಕೊಡಬೇಕೆಂಬುದು ರೋಮಿಂಗ್ ಲೆಕ್ಕ. ಅದೀಗ 2022ರ ಬೇರೆ ಕಾನೂನಿನಲ್ಲಿದೆ, 2032ರ ಜೂನ್‌ವರೆಗೆ.

ಕಾನೂನಿನ ಲೆಕ್ಕ ಹೀಗೆ. ನೀವು ಪ್ಯಾರಿಸ್‌ನಲ್ಲಿ ಬಳಸಿದ ಡೇಟಾಗೆ ನಿಮ್ಮ ಕಂಪನಿ ಫ್ರೆಂಚ್ ಕಂಪನಿಗೆ ಸಗಟು ದರ ಕಟ್ಟುತ್ತದೆ. ಅದರ ಗರಿಷ್ಠ ಮಿತಿ 2026ರಲ್ಲಿ ಜಿಬಿಗೆ 1.10 ಯೂರೋ. ಪ್ಲ್ಯಾನ್ ಬೆಲೆಯಿಂದ ವ್ಯಾಟ್ ತೆಗೆಯಿರಿ (1.19ರಿಂದ ಭಾಗಿಸಬೇಕು, ಶೇ 19 ಕಳೆದರೆ ತಪ್ಪಾಗುತ್ತದೆ): 20 ಯೂರೋ. ಅದನ್ನು 1.10ರಿಂದ ಭಾಗಿಸಿ ಎರಡರಿಂದ ಗುಣಿಸಿದರೆ 36.36 ಜಿಬಿ. ಇದಕ್ಕಿಂತ ಕಡಿಮೆ ಕೊಡುವಂತಿಲ್ಲ. ನಿಮಗೆ ಸಿಕ್ಕಿರುವುದು ಸರಿಯಾಗಿಯೇ ಇದೆ. 2027ರಲ್ಲಿ ಸಗಟು ಮಿತಿ 1 ಯೂರೋಗೆ ಇಳಿದಾಗ ಇದೇ ಪ್ಲ್ಯಾನ್‌ಗೆ 40 ಜಿಬಿ ಕೇಳಿ ಪಡೆಯಿರಿ. ಮಿತಿ ಮುಗಿದ ಮೇಲೂ ಜಿಬಿಗೆ ಸಗಟು ಮಿತಿ ಮತ್ತು ವ್ಯಾಟ್‌ಗಿಂತ, ಅಂದರೆ ಈಗ ಸುಮಾರು 1.31 ಯೂರೋಗಿಂತ, ಹೆಚ್ಚು ವಸೂಲಿ ಮಾಡುವಂತಿಲ್ಲ.

ನಿಮ್ಮ ಅನುಮಾನ ನಿಜವಾಗುತ್ತಿದ್ದ ಪ್ರಕರಣವೂ ಜರ್ಮನಿಯದೇ. ವೊಡಾಫೋನ್ ಪಾಸ್ ಇದ್ದವರಿಗೆ ಕೆಲವು ಆ್ಯಪ್‌ಗಳು ದೇಶದೊಳಗೆ ಡೇಟಾ ತಿನ್ನುತ್ತಿರಲಿಲ್ಲ, ಹೊರಗೆ ಹೋದರೆ ತಿನ್ನುತ್ತಿದ್ದವು. ‘ಹೊರಗೂ ಪುಕ್ಕಟೆ ಕೊಡಿ’ ಎಂದು ಲಕ್ಸೆಂಬರ್ಗ್‌ನಲ್ಲಿರುವ ಐರೋಪ್ಯ ಒಕ್ಕೂಟದ ನ್ಯಾಯಾಲಯ ಹೇಳಬಹುದಿತ್ತು. 2021ರ ಸೆಪ್ಟೆಂಬರ್ 2ರಂದು ಅದು ಬೇರನ್ನೇ ಕಿತ್ತಿತು: ಆಯ್ದ ಆ್ಯಪ್‌ಗಳನ್ನು ಲೆಕ್ಕದಿಂದ ಬಿಡುವುದೇ ಅಕ್ರಮ. (ಭಾರತದಲ್ಲಿ ದೂರಸಂಪರ್ಕ ನಿಯಂತ್ರಕ ಟ್ರಾಯ್ 2016ರ ಫೆಬ್ರುವರಿಯಲ್ಲೇ ಇಂಥ ಭೇದದ ದರಗಳನ್ನು ನಿಷೇಧಿಸಿತ್ತು.)

ನಿಮ್ಮ ಊರಿನವರು ಏಟು ತಿನ್ನಬಹುದಾದ ಜಾಗ ಸ್ವಿಸ್ ಗಡಿಯಲ್ಲಿ, ಸರೋವರದ ದಡದಲ್ಲಿರುವ ಕಾನ್‌ಸ್ಟಾನ್ಸ್. ಸ್ವಿಟ್ಜರ್ಲೆಂಡ್ ಈ ವ್ಯವಸ್ಥೆಯಲ್ಲಿಲ್ಲ, ಆದರೆ ಅಲ್ಲಿನ ಟವರ್‌ನ ಸಿಗ್ನಲ್ ಜರ್ಮನಿಯ ದಡಕ್ಕೂ ಬರುತ್ತದೆ, ಫೋನ್ ತಾನಾಗಿ ಅದನ್ನು ಹಿಡಿದುಬಿಡುತ್ತದೆ. ಸರೋವರ ತಲುಪುವ ಮೊದಲೇ ಡೇಟಾ ರೋಮಿಂಗ್ ಆಫ್ ಮಾಡಿ, ನೆಟ್‌ವರ್ಕ್ ಆಯ್ಕೆಯನ್ನು ಆಟೊಮ್ಯಾಟಿಕ್‌ನಿಂದ ಮ್ಯಾನುವಲ್‌ಗೆ ಬದಲಿಸಿ ನಿಮ್ಮ ಕಂಪನಿಯನ್ನೇ ಆರಿಸಿ.

ಇನ್ನೊಂದು: ಜರ್ಮನ್ ಸಿಮ್‌ನಲ್ಲಿ ಪ್ಯಾರಿಸ್‌ನಿಂದ ಪ್ಯಾರಿಸ್‌ಗೆ ಕರೆ ಮಾಡಿದರೆ ಅದು ರೋಮಿಂಗ್, ಊರಿನ ದರವೇ. ಸ್ಟುಟ್‌ಗಾರ್ಟ್‌ನಲ್ಲಿ ಕೂತು ಪ್ಯಾರಿಸ್‌ಗೆ ಮಾಡಿದರೆ ಅಂತರರಾಷ್ಟ್ರೀಯ ಕರೆ. ನಿಮಿಷಕ್ಕೆ 19 ಸೆಂಟ್ ಮತ್ತು ವ್ಯಾಟ್‌ವರೆಗೂ ಬೀಳಬಹುದು. ಬೆಂಗಳೂರಿಗೆ ಮಾಡುವ ಕರೆಗೆ ಆ ಮಿತಿಯೂ ಇಲ್ಲ.