ತಾಳಿ ಕಟ್ಟೋದು ಚಪ್ಪರದಲ್ಲೂ ಕಾಣಬೇಕು

ಪ್ರಶ್ನೆ: ಮಗಳ ಮದುವೆ ಮನೆ ಅಂಗಳದಲ್ಲೇ. ಮಂಟಪದ ಮುಂದೆ ಜಾಗ ಕಡಿಮೆ. ವಿಡಿಯೋದವರ ಕ್ಯಾಮೆರಾದಲ್ಲಿ ಕಾಣುವುದನ್ನೇ ಜಗುಲಿ, ಒಳಮನೆ, 60 ಮೀಟರ್ ಆಚೆಯ ಊಟದ ಚಪ್ಪರ, ಮೂರೂ ಕಡೆ ಟಿವಿಯಲ್ಲಿ ತೋರಿಸಬೇಕು. ವೈಫೈ ಸಾಕಾ?
– ಓದುಗರೊಬ್ಬರು, ಸಿದ್ದಾಪುರ

ಉತ್ತರ: ವೈಫೈ ಬೇಡ ಮಾರಾಯ್ರೆ. ಅಣ್ಣನ ಮಗನ ಉಪನಯನದಲ್ಲಿ ನಾನೂ ಅದನ್ನೇ ನಂಬಿದ್ದೆ. ಬೆಳಿಗ್ಗೆ ಚೆನ್ನಾಗಿಯೇ ಬಂತು. ಆಮೇಲೆ ಜನ ಸೇರಿದರು, ಎಲ್ಲರ ಜೇಬಲ್ಲೂ ಫೋನು. ಮುಹೂರ್ತದ ಹೊತ್ತಿಗೆ ಟಿವಿಯಲ್ಲಿ ಮಾಣಿ ಬಾಯಿ ತೆರೆದು ಕೂತವನು ಊಟದವರೆಗೂ ಹಾಗೇ ಕೂತಿದ್ದ!

ಕ್ಯಾಮೆರಾದಿಂದ ಟಿವಿಗೆ ನೇರ ಚಿತ್ರ ಒಯ್ಯುವ ಎಚ್‌ಡಿಎಂಐ ಕೇಬಲ್ಲನ್ನೇ ಎಳೆಯೋಣ ಅಂದರೆ, ಮಾಮೂಲಿ ಕೇಬಲ್ಲು 10-15 ಮೀಟರ್ ದಾಟಿದರೆ ಭರವಸೆ ಇಲ್ಲ. ಫುಲ್ ಎಚ್‌ಡಿ ಚಿತ್ರವನ್ನು ಸೆಕೆಂಡಿಗೆ 25 ಫ್ರೇಮ್‌ನಂತೆ ಕುಗ್ಗಿಸದೆ ಕಳಿಸಿದರೆ ಸೆಕೆಂಡಿಗೆ ಸುಮಾರು 1,200 ಮೆಗಾಬಿಟ್ ಡೇಟಾ ಆಗುತ್ತದೆ. ಎಚ್‌ಡಿಎಂಐ ಎನ್‌ಕೋಡರ್ ಎಂಬ ಸಣ್ಣ ಡಬ್ಬಿಯನ್ನು ಕ್ಯಾಮೆರಾಗೆ ಸಿಕ್ಕಿಸಿದರೆ ಅದನ್ನು ಎಚ್.264 ಎಂಬ ಕುಗ್ಗಿಸಿದ ವಿಡಿಯೋ ರೂಪಕ್ಕೆ ಬದಲಿಸಿ 6 ಮೆಗಾಬಿಟ್‌ಗೆ ಇಳಿಸುತ್ತದೆ. ಅಲ್ಲಿಂದ ಕ್ಯಾಟ್ 6 ಲ್ಯಾನ್ ಕೇಬಲ್. ಅದು 100 ಮೀಟರ್‌ವರೆಗೆ ಓಡುತ್ತದೆ.

ಮನೆಯಲ್ಲಿ ಹಳೇ ರೂಟರ್ ಬಿದ್ದಿದೆಯಾ? ಅದರ ಹಿಂದೆ ನಾಲ್ಕು ಲ್ಯಾನ್ ಕಿಂಡಿ ಇದ್ದರೆ ಲೆಕ್ಕ ಸರಿಯಾಯಿತು: ಎನ್‌ಕೋಡರ್‌ಗೆ ಒಂದು, ಟಿವಿಗೆ ಮೂರು. ಇಂಟರ್ನೆಟ್ ಬೇಕಿಲ್ಲ. ಎನ್‌ಕೋಡರ್‌ನ ಐಪಿ, ಅಂದರೆ ನೆಟ್‌ವರ್ಕಿನಲ್ಲಿ ಅದರ ವಿಳಾಸ, ಮಾತ್ರ ರೂಟರ್‌ನ ಸಾಲಿನಲ್ಲೇ ಇರಬೇಕು. ರೂಟರ್ 192.168.1.1 ಆದರೆ ಇದಕ್ಕೆ 192.168.1.200 ಕೊಡಿ. ಆಂಡ್ರಾಯ್ಡ್ ಟಿವಿಯಲ್ಲಿ ವಿಎಲ್‌ಸಿ ಎಂಬ ವಿಡಿಯೋ ಆ್ಯಪ್ ಹಾಕಿಕೊಂಡು ಎನ್‌ಕೋಡರ್ ಕೊಡುವ ಆರ್‌ಟಿಎಸ್‌ಪಿ (ನೇರ ವಿಡಿಯೋದ) ವಿಳಾಸ ಬರೆದರೆ ಚಿತ್ರ ಬರುತ್ತದೆ. ಮೂರು ಟಿವಿಗೆ ಸೇರಿ 18 ಮೆಗಾಬಿಟ್, ಹಳೇ ರೂಟರ್‌ಗೂ ಅದು ಹೊರೆಯಲ್ಲ. ಅಂಗಡಿಯವರು ಒಂದೇ ವಿಡಿಯೋವನ್ನು ಹಲವು ಟಿವಿಗೆ ಹಂಚುವ ಮಲ್ಟಿಕಾಸ್ಟ್ ಸ್ವಿಚ್ ಅಂತ ಶುರು ಮಾಡಿದರೆ ಸುಮ್ನೆ ಎದ್ದು ಬನ್ನಿ. ಅದು ಐವತ್ತು ಟಿವಿಯ ಹೋಟೆಲಿಗೆ.

ಒಂದು ತಮಾಷೆ ಇದೆ. ಚಿತ್ರ ಒಂದೆರಡು ಸೆಕೆಂಡು ತಡವಾಗಿಯೇ ಬರುತ್ತದೆ. ಚಪ್ಪರದಲ್ಲಿ ಗಟ್ಟಿಮೇಳ ಮೊದಲು ಕೇಳುತ್ತದೆ, ತಾಳಿ ಆಮೇಲೆ ಕಾಣುತ್ತದೆ! ವಿಎಲ್‌ಸಿಯ ಸೆಟ್ಟಿಂಗ್‌ನಲ್ಲಿ ನೆಟ್‌ವರ್ಕ್ ಕ್ಯಾಶಿಂಗ್ (ತೋರಿಸುವ ಮೊದಲು ವಿಡಿಯೋ ಕೂಡಿಡುವ ಹೊತ್ತು) ಇಳಿಸಿದರೆ ಸ್ವಲ್ಪ ಕಡಿಮೆಯಾಗುತ್ತದೆ, ಪೂರ್ತಿ ಹೋಗಲ್ಲ. ಟಿವಿಗಳ ಸದ್ದು ಬಂದ್ ಮಾಡಿಬಿಡಿ, ಮೈಕಿನ ಸದ್ದೇ ಸಾಕು, ಅಲ್ವಾ?

ಕೇಬಲ್ಲನ್ನು ಚಪ್ಪರದ ಅಡಿಕೆ ದಬ್ಬೆಗೆ ಕಟ್ಟಿ ಮೇಲಿಂದಲೇ ಎಳೆಯಿರಿ. ನೆಲಕ್ಕೆ ಬಿಟ್ಟರೆ ಬಡಿಸುವವರ ಕಾಲಿಗೆ ಸಿಗುತ್ತದೆ. ಎನ್‌ಕೋಡರ್, ರೂಟರ್, ಟಿವಿ ಎಲ್ಲ ಇನ್ವರ್ಟರ್ ಲೈನಿನಲ್ಲಿರಲಿ. ಕ್ಯಾಮೆರಾದ ಎಚ್‌ಡಿಎಂಐ ಕಿಂಡಿ ದೊಡ್ಡದೋ, ಮಿನಿಯೋ, ಮೈಕ್ರೋನೋ ಅಂತ ವಿಡಿಯೋದವರನ್ನು ವಾರ ಮೊದಲೇ ಕೇಳಿ. ಮದುವೆ ದಿನ ಬೆಳಿಗ್ಗೆ ಆರಕ್ಕೆ ಆ ಪಿನ್ನು ಎಲ್ಲೂ ಸಿಗುವುದಿಲ್ಲ.