ಶಾಲೆಯಲ್ಲಿ ಲ್ಯಾಟಿನ್ ಓದದೆ ಯೂನಿವರ್ಸಿಟಿಯಲ್ಲಿ ಗ್ರೀಕ್ ಓದಬಹುದಾ?

ನೀವು ಕೇಳಿರುವುದು ಇಷ್ಟು: ಸೆಕೆಂಡ್ ಪಿಯುಸಿಯಲ್ಲಿದ್ದೀರಿ, ಸಂಸ್ಕೃತ ತಗೊಂಡಿದ್ದೀರಿ, ಗ್ರೀಕ್, ಲ್ಯಾಟಿನ್ ಎರಡರಲ್ಲೂ ಒಂದಕ್ಷರ ಗೊತ್ತಿಲ್ಲ. ಇಂಗ್ಲೆಂಡಿನಲ್ಲಿ ಅದನ್ನೇ ಡಿಗ್ರಿಯಾಗಿ ಓದಬಹುದಾ, ಓದಿದರೆ ದಿನವಿಡೀ ಏನು ಮಾಡಿಸುತ್ತಾರೆ, ಸಂಸ್ಕೃತ ಏನಾದರೂ ಉಪಯೋಗಕ್ಕೆ ಬರುತ್ತದಾ? ನಾನು ಲಂಡನ್‌ನಲ್ಲಿ ಕ್ಲಾಸಿಕ್ಸ್, ಅಂದರೆ ಪ್ರಾಚೀನ ಗ್ರೀಕ್-ಲ್ಯಾಟಿನ್ ಓದು, ಅದರಲ್ಲಿ ಬಿಎ ಮಾಡಿದವಳು. ನಿಮ್ಮ ಹಾಗೇ ಸೊನ್ನೆಯಿಂದ ಶುರು ಮಾಡಿದವಳು.

ಭಾಷೆ ಬರುವುದಿಲ್ಲ ಎನ್ನುವುದು ಈಗ ದೊಡ್ಡ ಅಡ್ಡಿಯಲ್ಲ. ಹಿಂದೆ ಅಡ್ಡಿಯೇ ಆಗಿತ್ತು. ಆಕ್ಸ್‌ಫರ್ಡ್, ಕೇಂಬ್ರಿಜ್ ಸೇರಬೇಕಾದರೆ ಏನೇ ಓದುವುದಿದ್ದರೂ ಗ್ರೀಕ್ ಪರೀಕ್ಷೆ ಪಾಸಾಗಬೇಕಿತ್ತು, ಗಣಿತ ಓದುವವರೂ ಸೇರಿ. ಅದು ಹೋಗಿದ್ದು ಮೊದಲ ಮಹಾಯುದ್ಧ ಮುಗಿದ ಮೇಲೆ, 1919-20ರಲ್ಲಿ. ಲ್ಯಾಟಿನ್ ಕಡ್ಡಾಯ ಮಾತ್ರ 1960ರವರೆಗೂ ಉಳಿದುಕೊಂಡಿತ್ತು. ಈಗ ಅಲ್ಲಿನ ಸರ್ಕಾರಿ ಶಾಲೆಗಳಲ್ಲೇ ಲ್ಯಾಟಿನ್ ಕಲಿಸುವುದು ಕಮ್ಮಿ. ಹಾಗಾಗಿ ಸೊನ್ನೆಯಿಂದ ಕಲಿಸದೆ ಯೂನಿವರ್ಸಿಟಿಗಳಿಗೆ ಬೇರೆ ದಾರಿಯಿಲ್ಲ. ಕೇಂಬ್ರಿಜ್‌ನಲ್ಲಿ ಶಾಲೆಯಲ್ಲಿ ಲ್ಯಾಟಿನ್ ಓದಿ ಬಂದವರಿಗೆ 3 ವರ್ಷ, ಓದದವರಿಗೆ 4 ವರ್ಷದ ಕೋರ್ಸ್. ಆಕ್ಸ್‌ಫರ್ಡ್‌ನದು ಎಲ್ಲರಿಗೂ 4 ವರ್ಷ, ಅದರೊಳಗೆ ಹೊಸಬರಿಗೆ ಬೇರೆ ದಾರಿ ಇದೆ. ಲಂಡನ್, ಡರಮ್, ಎಡಿನ್‌ಬರಾ ಕಡೆಯಲ್ಲೂ ಹೊಸಬರಿಗೆ ಕ್ಲಾಸ್ ಇರುತ್ತದೆ.

ನಿಮಗೆ ಅಡ್ಡ ಬರುವುದು ಬೇರೆ ಎರಡು. ಸ್ಟೇಟ್ ಬೋರ್ಡ್ ಪಿಯುಸಿಯನ್ನು ಎಲ್ಲ ಕಡೆ ನೇರವಾಗಿ ಒಪ್ಪುವುದಿಲ್ಲ. ಕೆಲವರು ಮಧ್ಯೆ ಒಂದು ವರ್ಷ ಫೌಂಡೇಶನ್ ಮಾಡಿ ಅನ್ನುತ್ತಾರೆ. ಒಂದೊಂದು ಯೂನಿವರ್ಸಿಟಿಗೂ ನೀವೇ ಮೇಲ್ ಮಾಡಿ ಕೇಳಿ, ಏಜೆಂಟ್ ಮಾತು ನಂಬಬೇಡಿ. ಇನ್ನೊಂದು ದುಡ್ಡು. ಹೊರದೇಶದವರಿಗೆ ಫೀಸೇ ವರ್ಷಕ್ಕೆ 20,000 ಪೌಂಡ್ ದಾಟುತ್ತದೆ, ಇರುವ ಖರ್ಚು ಬೇರೆ. ಮನೆಯಲ್ಲಿ ಸಾಲ ಮಾಡಿ ಬಿಎ ಕ್ಲಾಸಿಕ್ಸ್‌ಗೆ ಕಳಿಸುತ್ತೇವೆ ಅಂದರೆ ನಾನು ಬೇಡ ಅಂತಲೇ ಹೇಳುತ್ತೇನೆ. ಇಲ್ಲೇ ಸಂಸ್ಕೃತ, ಇತಿಹಾಸ ಅಥವಾ ಕನ್ನಡದಲ್ಲಿ ಒಳ್ಳೆ ಬಿಎ ಮಾಡಿ, ಜೊತೆಗೆ ಗ್ರೀಕ್ ಕಲಿತು, ಎಂಎಗೆ ಸ್ಕಾಲರ್‌ಶಿಪ್ ಹುಡುಕುವುದು ಜಾಣತನ. ಭಾಷೆ ಸಾಲದೆ ಬಂದವರಿಗೆ ಅಂತಲೇ ಅಮೆರಿಕದ ಪೆನ್ಸಿಲ್ವೇನಿಯಾ ಯೂನಿವರ್ಸಿಟಿಯಂಥ ಕಡೆ ಡಿಗ್ರಿ ಆದಮೇಲಿನ ಕೋರ್ಸ್‌ಗಳೂ ಇವೆ.

ಇನ್ನು ಕ್ಲಾಸಿನೊಳಗೆ ಏನಾಗುತ್ತದೆ ಅನ್ನುವುದು. ಮೊದಲ ವರ್ಷ ಪೂರ್ತಿ ವ್ಯಾಕರಣ. ಬೇರೆಯವರು ಶಾಲೆಯಲ್ಲಿ ಹಲವು ವರ್ಷ ನಿಧಾನವಾಗಿ ಕಲಿತಿದ್ದನ್ನು ನಿಮಗೆ ಒಂದೇ ವರ್ಷದಲ್ಲಿ ಮುಗಿಸುತ್ತಾರೆ. ವಾರವಾರ ಟೆಸ್ಟ್. ಗ್ರೀಕ್ ಕ್ರಿಯಾಪದಕ್ಕೆ ಆರು ಮೂಲರೂಪಗಳು, ಅವನ್ನು ಬಾಯಿಪಾಠ ಮಾಡಲೇಬೇಕು. 'ಹೊರು' ಅನ್ನುವುದಕ್ಕೆ ವರ್ತಮಾನದಲ್ಲಿ 'ಫೆರೋ', ಭವಿಷ್ಯತ್ತಿನಲ್ಲಿ 'ಒಯ್ಸೋ', ಭೂತದಲ್ಲಿ 'ಏನೆಂಕ'. ಒಂದಕ್ಕೊಂದು ಸಂಬಂಧವೇ ಇಲ್ಲ, ಮೂರು ಬೇರೆ ಬೇರೆ ಧಾತುಗಳು. ಇಂಥವು ಹತ್ತಾರು.

ಆದರೂ ಮೊದಲ ವರ್ಷ ಬಿಟ್ಟು ಹೋದವರನ್ನು ನಾನು ಕಂಡಿದ್ದು ಕಮ್ಮಿ. ಹೋಗುವವರು ಹೋಗುವುದು ಎರಡನೇ ವರ್ಷ. ಪಾಠಪುಸ್ತಕ ಮುಗಿದು ನಿಜವಾದ ಗ್ರಂಥ ಕೈಗೆ ಬರುತ್ತದಲ್ಲ, ಆಗ. ಪಾಠಪುಸ್ತಕದ ವಾಕ್ಯಗಳನ್ನು ನಿಮಗೋಸ್ಕರ ಬರೆದಿರುತ್ತಾರೆ. ಪ್ಲೇಟೋ ನಿಮಗೋಸ್ಕರ ಬರೆದಿಲ್ಲ. ಮರುದಿನದ ಕ್ಲಾಸಿಗೆ ಇಪ್ಪತ್ತು ಸಾಲು ತಯಾರಿ ಮಾಡುವಷ್ಟರಲ್ಲಿ ಸಂಜೆ ಪೂರ್ತಿ ಹೋಗಿರುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. ಹೊಸಬರಿಗೆ ಸಾಮಾನ್ಯವಾಗಿ ಮೊದಲು ಕೊಡುವ ಲೇಖಕರಲ್ಲಿ ಝೆನೊಫನ್ ಒಬ್ಬ. ಕ್ರಿ.ಪೂ. 401ರಲ್ಲಿ ಪರ್ಷಿಯಾದ ರಾಜಕುಮಾರ ಸೈರಸ್ ಅಣ್ಣನ ಸಿಂಹಾಸನ ಕಿತ್ತುಕೊಳ್ಳಲು ಗ್ರೀಕ್ ಬಾಡಿಗೆ ಸೈನಿಕರನ್ನು ಕಟ್ಟಿಕೊಂಡು ಹೊರಟ ಕತೆ ಅವನ 'ಅನಾಬಸಿಸ್' ಪುಸ್ತಕ, ಝೆನೊಫನ್ ಆ ಸೈನಿಕರ ಜೊತೆಗಿದ್ದವನು. ಡೇರಿಯಸನಿಗೂ ಪರಿಸಾಟಿಸಳಿಗೂ ಇಬ್ಬರು ಮಕ್ಕಳು, ದೊಡ್ಡವನು ಅರ್ಟಾಕ್ಸರ್ಕ್ಸಸ್, ಚಿಕ್ಕವನು ಸೈರಸ್ ಅಂತ ಕತೆ ಶುರು. ಒಬ್ಬರು ಮೂಲವನ್ನು ಗಟ್ಟಿಯಾಗಿ ಓದಬೇಕು. ಆಮೇಲೆ ಮೇಷ್ಟ್ರ ಪ್ರಶ್ನೆ: ತಂದೆತಾಯಿಯ ಹೆಸರು ಯಾವ ವಿಭಕ್ತಿಯಲ್ಲಿದೆ? ಷಷ್ಠಿ ಯಾಕೆ? ಮಕ್ಕಳು ಹುಟ್ಟಿ ಎಷ್ಟೋ ಕಾಲ ಆಗಿದೆ, ಕ್ರಿಯಾಪದ ವರ್ತಮಾನದಲ್ಲಿ ಯಾಕಿದೆ? 'ಮೆನ್' ಅಂತ ಒಂದು ಸಣ್ಣ ಪದ, ಆಮೇಲೆ 'ದೆ' ಅಂತ ಇನ್ನೊಂದು, ಅವೆರಡು ಅಲ್ಲಿ ಏನು ಮಾಡುತ್ತಿವೆ? ಒಂದೇ ಸಾಲಿಗೆ ಹತ್ತು ನಿಮಿಷ. 'ದೊಡ್ಡವನು ಅರ್ಟಾಕ್ಸರ್ಕ್ಸಸ್' ಅನ್ನುವ ಕಡೆ ಕ್ರಿಯಾಪದವೇ ಇಲ್ಲ. ಇಂಗ್ಲಿಷ್ ಹುಡುಗರು ಅದೆಲ್ಲಿ ಹೋಯಿತು ಅಂತ ಹುಡುಕುತ್ತಾ ಕೂತಿದ್ದರು, ಕನ್ನಡದಲ್ಲೂ ಹಾಗೇ ಹೇಳುತ್ತೇವಲ್ಲ, ನನಗೆ ಅದು ಇಲ್ಲ ಅಂತ ಗೊತ್ತಾಗಿದ್ದೇ ಅವರು ಕೇಳಿದ ಮೇಲೆ.

ಈ ಥರದ ಓದು ಇಷ್ಟವಾಗುತ್ತದಾ? ನಿಮಗೆ ನೀವೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇದೊಂದೇ. ಗ್ರೀಕ್ ಪುರಾಣ ಇಷ್ಟ, ಟ್ರೋಜನ್ ಯುದ್ಧದ ಕತೆ ಇಷ್ಟ ಅಂತ ಬಂದವರು ಜಾಸ್ತಿ. ಕತೆಗೆ ಒಳ್ಳೊಳ್ಳೆ ಅನುವಾದಗಳಿವೆ, ಸುಮ್ನೆ ಅವನ್ನು ಓದಿದರೆ ಸಾಕಲ್ವಾ? ಒಂದು ವಾಕ್ಯದ ಮೇಲೆ ಹತ್ತು ನಿಮಿಷ ಕೂರುವುದರಲ್ಲಿ ಖುಷಿ ಸಿಗುವವರು ಉಳಿಯುತ್ತಾರೆ.

ಪ್ರೋಸ್ ಕಂಪೋಸಿಷನ್ ಅಂತ ಇನ್ನೊಂದು ಇದೆ: ಇಂಗ್ಲಿಷ್ ಪ್ಯಾರಾ ಕೊಟ್ಟು, ಹಳೆಯ ರೋಮಿನ ವಾಗ್ಮಿ ಸಿಸೆರೋ ಶೈಲಿಯ ಲ್ಯಾಟಿನ್‌ನಲ್ಲಿ ಬರೆಯಿರಿ ಅನ್ನುತ್ತಾರೆ. ಯಾರಿಗೆ ಬೇಕು ಇದು ಅಂತ ಎಲ್ಲರೂ ಬೈದುಕೊಳ್ಳುತ್ತಾರೆ. ನನಗೆ ಭಾಷೆ ಬಂದಿದ್ದು ಅದರಿಂದಲೇ. ಲೋಬ್ ಪುಸ್ತಕಗಳ ಬಗ್ಗೆಯೂ ಕೇಳುತ್ತೀರಿ: 1911ರಲ್ಲಿ ಶುರುವಾದ ಮಾಲೆ, ಗ್ರೀಕ್‌ಗೆ ಹಸಿರು ರಟ್ಟು, ಲ್ಯಾಟಿನ್‌ಗೆ ಕೆಂಪು, ಎಡಗಡೆ ಮೂಲ, ಬಲಗಡೆ ಇಂಗ್ಲಿಷ್. ಮೇಷ್ಟ್ರುಗಳು ಬೇಡ ಅನ್ನುತ್ತಾರೆ, ಎಲ್ಲರ ಬ್ಯಾಗಿನಲ್ಲೂ ಒಂದು ಇರುತ್ತದೆ. ಬಲಗಡೆ ಪುಟದ ಮೇಲೆ ಕೈಯಿಟ್ಟು ಓದಿ, ಅಷ್ಟೇ.

ಈಗ ಸಂಸ್ಕೃತದ ವಿಷಯ. ಉಪಯೋಗವಿದೆ. ಎಂಟು ವಿಭಕ್ತಿ ಕಂಡವರಿಗೆ ಗ್ರೀಕ್‌ನ ಐದು, ಲ್ಯಾಟಿನ್‌ನ ಆರು ಹೆದರಿಕೆ ಹುಟ್ಟಿಸುವುದಿಲ್ಲ. ದ್ವಿವಚನ ಗ್ರೀಕ್‌ನಲ್ಲೂ ಇದೆ. ಆತ್ಮನೇಪದದಂಥದ್ದೂ ಇದೆ. 'ದದಾಮಿ' ಗೊತ್ತಿದ್ದವರಿಗೆ 'ದಿದೋಮಿ' ಕಲಿಯಲು ಎಷ್ಟು ಹೊತ್ತು? ಆದರೆ ಒಂದು ಮಾತು. ನಮ್ಮಲ್ಲಿ ಸುಮಾರು ಜನ ಪಿಯುಸಿಯಲ್ಲಿ ಸಂಸ್ಕೃತ ತಗೊಳ್ಳುವುದು ಮಾರ್ಕ್ಸ್‌ಗೆ. ಉತ್ತರವನ್ನು ಕನ್ನಡದಲ್ಲೋ ಇಂಗ್ಲಿಷ್‌ನಲ್ಲೋ ಬರೆದು ತೊಂಬತ್ತೈದು ತಗೊಂಡಿರುತ್ತಾರೆ. ಅಂಥ ಸಂಸ್ಕೃತದಿಂದ ಗ್ರೀಕ್‌ಗೆ ಮೂರು ಕಾಸಿನ ಪ್ರಯೋಜನ ಇಲ್ಲ. ಒಂದು ಶ್ಲೋಕವನ್ನು ಯಾರ ಸಹಾಯವೂ ಇಲ್ಲದೆ ಅನ್ವಯ ಮಾಡಬಲ್ಲಿರಾ? ಹಾಗಿದ್ದರೆ ನೀವು ಅರ್ಧ ದಾರಿ ಬಂದಾಗಿದೆ.

ಸಂಸ್ಕೃತಕ್ಕಿಂತ ಕನ್ನಡ ಜಾಸ್ತಿ ಸಹಾಯಕ್ಕೆ ಬರುತ್ತದೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಗ್ರೀಕ್‌ನಲ್ಲಿ ಹ್ರಸ್ವ ಎ, ದೀರ್ಘ ಏ ಬೇರೆ ಬೇರೆ ಅಕ್ಷರ. ಒ, ಓ ಕೂಡ ಹಾಗೇ. ಸಂಸ್ಕೃತದಲ್ಲಿ ಈ ಭೇದ ಇಲ್ಲ, ನಮ್ಮಲ್ಲಿ ಇದೆ. ಹಳೆಯ ಅಥೆನ್ಸ್ ಉಚ್ಚಾರಣೆಯಲ್ಲಿ ತ, ದ, ಥ ಮೂರೂ ಬೇರೆ, ಪ, ಬ, ಫ ಕೂಡ. ಇಂಗ್ಲಿಷ್ ಸಹಪಾಠಿಗಳು ಇವನ್ನು ಬಾಯಲ್ಲಿ ತರಲು ಒದ್ದಾಡುತ್ತಿದ್ದರು. ನಾನು ನೋಟ್ಸ್‌ನಲ್ಲಿ ಉಚ್ಚಾರಣೆಯನ್ನು ಕನ್ನಡ ಲಿಪಿಯಲ್ಲೇ ಬರೆದುಕೊಳ್ಳುತ್ತಿದ್ದೆ.

ಛಂದಸ್ಸಿನಲ್ಲಂತೂ ನಮಗೆ ಹಬ್ಬ. ಹೈಸ್ಕೂಲ್ ಕನ್ನಡದಲ್ಲಿ ಪ್ರಸ್ತಾರ ಹಾಕಿಸುತ್ತಿದ್ದರಲ್ಲ, ಅಕ್ಷರದ ತಲೆ ಮೇಲೆ ಗುರುವಿಗೆ ಗೆರೆ, ಲಘುವಿಗೆ ಬಟ್ಟಲು? ಲ್ಯಾಟಿನ್ ಕವಿ ವರ್ಜಿಲನ ಸಾಲಿಗೂ ಅದನ್ನೇ ಹಾಕಿಸುತ್ತಾರೆ, ಗುರುತು ಕೂಡ ಹೆಚ್ಚುಕಮ್ಮಿ ಅವೇ. ದೀರ್ಘಸ್ವರ ಗುರು, ಮುಂದೆ ಎರಡು ವ್ಯಂಜನ ಬಂದರೂ ಗುರು. ಸಾಲಿಗೆ ಆರು ಗಣ, ಒಂದೊಂದು ಗಣ ಗುರು-ಲಘು-ಲಘು ಅಥವಾ ಗುರು-ಗುರು. ಕೊನೆಯ ಗಣದಲ್ಲಿ ಎರಡೇ ಅಕ್ಷರ. ಪದದ ಕೊನೆಯ ಸ್ವರದ ಮುಂದೆ ಇನ್ನೊಂದು ಸ್ವರ ಬಂದರೆ ಮೊದಲನೆಯದು ಬಿದ್ದುಹೋಗುತ್ತದೆ, ನಮ್ಮ ಲೋಪಸಂಧಿಯ ಹಾಗೆ. ಹಳಗನ್ನಡದ ಶಿಥಿಲದ್ವಿತ್ವ ನೆನಪಿದೆಯಾ, ಒತ್ತಕ್ಷರ ಇದ್ದರೂ ಹಿಂದಿನದು ಲಘುವಾಗಿ ಉಳಿಯುವುದು? ಲ್ಯಾಟಿನ್‌ನಲ್ಲೂ ಕೆಲವು ಒತ್ತಕ್ಷರಗಳಿಗೆ, ರ ಅಥವಾ ಲ ಸೇರಿದವಕ್ಕೆ, ಇಂಥದ್ದೇ ಒಂದು ವಿನಾಯಿತಿ. ಕ್ಲಾಸಿನಲ್ಲಿ ಉಳಿದವರು ಬೆರಳು ಮಡಿಸಿ ಎಣಿಸುವಾಗ ನನ್ನದು ಮುಗಿದಿರುತ್ತಿತ್ತು. ಆ ಒಂದು ವಿಷಯದಲ್ಲಿ ಮಾತ್ರ, ಬೇರೆಲ್ಲದರಲ್ಲೂ ಅವರೇ ಮುಂದೆ.

ಮೂರನೇ ವರ್ಷಕ್ಕೆ ಬರುವಾಗ ಇತಿಹಾಸ, ತತ್ತ್ವಶಾಸ್ತ್ರ, ಶಾಸನ, ಪ್ರಾಕ್ತನಶಾಸ್ತ್ರ ಎಲ್ಲ ತೆರೆದುಕೊಳ್ಳುತ್ತದೆ. ನನಗೆ ಹಿಡಿಸಿದ್ದು ವಿಂಡೊಲಾಂಡದ ಹಲಗೆಗಳು. ಇಂಗ್ಲೆಂಡಿನ ಉತ್ತರದಲ್ಲಿದ್ದ ರೋಮನ್ ಸೈನಿಕ ಠಾಣ್ಯದಲ್ಲಿ 1973ರಿಂದ ಸಿಗತೊಡಗಿದ ತೆಳು ಮರದ ಚೂರುಗಳು, ಅವುಗಳ ಮೇಲೆ ಶಾಯಿಯಲ್ಲಿ ಬರೆದ ಪತ್ರಗಳು. ಒಂದರಲ್ಲಿ ಕ್ಲಾಡಿಯಾ ಸೆವೆರಾ ಅನ್ನುವವಳು ಗೆಳತಿ ಲೆಪಿಡಿನಾಳನ್ನು ಸೆಪ್ಟೆಂಬರ್ 11ರ ತನ್ನ ಹುಟ್ಟುಹಬ್ಬಕ್ಕೆ ಕರೆದಿದ್ದಾಳೆ. ಕ್ರಿ.ಶ. 100ರ ಸುಮಾರಿನದು. ಹೆಚ್ಚಿನ ಭಾಗ ಬೇರೆ ಯಾರೋ ಬರೆದುಕೊಟ್ಟಿದ್ದು, ಕೊನೆಯ ಸಾಲುಗಳು ಮಾತ್ರ ಅವಳದೇ ಕೈಬರಹ. ಬ್ರಿಟಿಷ್ ಮ್ಯೂಸಿಯಂನ ಸಂಗ್ರಹದಲ್ಲಿದೆ.

ಕನ್ನಡದವರ ಮುಂದೆ ಗ್ರೀಕ್ ಅಂದ ತಕ್ಷಣ ಒಳಗೆ ಕನ್ನಡ ಇದೆ ಅಂತ ಹೇಳುವ ಆ ಗ್ರೀಕ್ ಪ್ರಹಸನದ ಮಾತು ಬಂದೇ ಬರುತ್ತದೆ, ನಿಮ್ಮ ಪ್ರಶ್ನೆಯ ಕೊನೆಯಲ್ಲೂ ಬಂದಿದೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಇಂಗ್ಲಿಷ್ ವಿದ್ವಾಂಸರು ಅಗೆದು ತೆಗೆದ ಪಪೈರಸ್ (ಜೊಂಡಿನಿಂದ ಮಾಡಿದ ಹಾಳೆ), 1903ರಲ್ಲಿ ಅಚ್ಚಾಯಿತು, ನಂಬರ್ 413. ಭಾರತದ ಕರಾವಳಿಯಲ್ಲಿ ಸಿಕ್ಕಿಹಾಕಿಕೊಂಡ ಕಾರಿಟಿಯಾನ್ ಎಂಬ ಗ್ರೀಕ್ ಹೆಣ್ಣು, ಅವಳ ಕಡೆಯವರು ಅಲ್ಲಿನ ರಾಜನಿಗೆ ನೀರು ಬೆರೆಸದ ವೈನ್ ಕುಡಿಸಿ ತಪ್ಪಿಸಿಕೊಂಡು ಹೋಗುತ್ತಾರೆ. ಆ ಸ್ಥಳೀಯರ ಮಾತು ಕನ್ನಡವೇ ಅಂತ ಜರ್ಮನ್ ವಿದ್ವಾಂಸ ಹುಲ್ಟ್ಸ್ 1904ರಲ್ಲಿ ಬರೆದರು, ಆಮೇಲೆ ಅರ್ಥಶಾಸ್ತ್ರ ಪ್ರಕಟಿಸಿದ ನಮ್ಮ ಶಾಮಶಾಸ್ತ್ರಿಗಳು, ಗೋವಿಂದ ಪೈಗಳು ಅದನ್ನು ಮುಂದುವರಿಸಿದರು. ಒಪ್ಪದವರೂ ಇದ್ದಾರೆ. ಸುಮ್ಮನೆ ನಗಿಸಲು ಬರೆದ ಅರ್ಥವಿಲ್ಲದ ಶಬ್ದ ಅಂತ ಅವರ ವಾದ. ನನಗೂ ಪೂರ್ತಿ ನಂಬಿಕೆ ಬಂದಿಲ್ಲ. ಎರಡು ಕಡೆಯ ಭಾಷೆಯೂ ಗಟ್ಟಿಯಾಗಿ ಬರುವವರು ಕೂತು ನೋಡಬೇಕಾದ ಕೆಲಸ ಅದು. ಅಷ್ಟಕ್ಕಾಗಿಯೇ ಗ್ರೀಕ್ ಕಲಿಯುತ್ತೇನೆ ಅಂದರೆ ಬೇಡ ಅನ್ನುವುದಿಲ್ಲ. ಆದರೆ ಮೊದಲು ಹಳಗನ್ನಡ ಚೆನ್ನಾಗಿ ಓದಿ.

ಕೆಲಸದ ವಿಷಯ: ಈ ಡಿಗ್ರಿ ಮಾಡಿದವರು ಅಲ್ಲಿ ಕಾನೂನು, ಸರ್ಕಾರಿ ಸೇವೆ, ಪುಸ್ತಕ ಪ್ರಕಾಶನ, ಶಾಲೆಯಲ್ಲಿ ಲ್ಯಾಟಿನ್ ಪಾಠ ಅಂತ ಹೋಗುತ್ತಾರೆ. ನಾನು ಪ್ರಕಾಶನದಲ್ಲಿದ್ದೇನೆ. ಕ್ಯಾಂಪಸ್ ಇಂಟರ್‌ವ್ಯೂ ಅಂತ ಯಾರೂ ಬರುವುದಿಲ್ಲ.

ಎರಡರಲ್ಲಿ ಒಂದೇ ಶುರು ಮಾಡುವುದಾದರೆ ಯಾವುದು? ಗ್ರೀಕ್. ಲ್ಯಾಟಿನ್ ಅನ್ನು ಪುಸ್ತಕ ಇಟ್ಟುಕೊಂಡು ಒಬ್ಬರೇ ಕಲಿಯಬಹುದು, ಗ್ರೀಕ್‌ಗೆ ಪಕ್ಕದಲ್ಲಿ ಯಾರಾದರೂ ಬೇಕು. ನೀವು ಬೆಂಗಳೂರಿನಲ್ಲೇ ಇರುವುದರಿಂದ ಒಂದು ದಾರಿ ಇದೆ. ಮಿಲ್ಲರ್ಸ್ ರೋಡಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಂಥ ಕಡೆ ಬೈಬಲ್ ಓದಲು ಗ್ರೀಕ್ ಕಲಿಸುತ್ತಾರೆ. ಹೊರಗಿನವರು ಕೂರಬಹುದಾ ಅಂತ ಕೇಳಿ ನೋಡಿ. ಅದು ಪ್ಲೇಟೋ ಕಾಲದ ಗ್ರೀಕ್ ಅಲ್ಲ, ಸುಮಾರು ನಾಲ್ಕು ಶತಮಾನ ಈಚೆಯದು, ಸ್ವಲ್ಪ ಸರಳ. ಆಪ್ಟೇಟಿವ್ ಅನ್ನುವ ಕ್ರಿಯಾರೂಪ ಅದರಲ್ಲಿ ತೀರಾ ಅಪರೂಪ. ಆಮೇಲೆ ಝೆನೊಫನ್‌ಗೆ ಬಂದಾಗ ಅದನ್ನು ಬೇರೆಯಾಗಿ ಕಲಿಯಬೇಕಾಗುತ್ತದೆ. ಅವನ ಪುಸ್ತಕ ಪರ್ಸಿಯಸ್ ಅನ್ನುವ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ, ಪದದ ಮೇಲೆ ಒತ್ತಿದರೆ ಅರ್ಥ, ವಿಭಕ್ತಿ ಎಲ್ಲ ತೋರಿಸುತ್ತದೆ. ಯೂನಿವರ್ಸಿಟಿಗೆ ಅರ್ಜಿ ಹಾಕುವ ಮೊದಲು ಅದರ ಮೊದಲ ಪುಟವನ್ನಾದರೂ ಮುಗಿಸಿ.