ಎರಡು ರೂಟರ್, ಒಬ್ಬನೇ ಯಜಮಾನ

ಪ್ರಶ್ನೆ: ನಮ್ಮ ಮುಖ್ಯ ರೂಟರ್ ಕೆಳಗಡೆ ಹಾಲ್‌ನಲ್ಲಿದೆ. ಮಹಡಿಯ ಕೋಣೆಯಲ್ಲಿ ಒಂದು ಡೆಸ್ಕ್‌ಟಾಪ್, ಒಂದು ಪ್ರಿಂಟರ್ ಇವೆ. ಎರಡಕ್ಕೂ ವೈಫೈ ಇಲ್ಲ, ಕೇಬಲ್ಲೇ ಬೇಕು. ಗೋಡೆ ಕೊರೆಯುವ ಹಾಗಿಲ್ಲ. ಸುಮ್ನೆ ಬಿದ್ದಿದ್ದ ಹಳೇ ರೂಟರ್ ಒಂದನ್ನು ಮೇಲಿಟ್ಟು ವೈರ್‌ಲೆಸ್ ಬ್ರಿಡ್ಜ್ ಮಾಡಲು ನೋಡಿದೆ. ಸಿಗ್ನಲ್ ಪೂರ್ತಿ ಇದೆ, ಇಂಟರ್ನೆಟ್ ಮಾತ್ರ ಬರುತ್ತಿಲ್ಲ. ಎರಡೂ ರೂಟರ್‌ಗಳ ವಿಳಾಸ 192.168.1.1 ಅಂತಲೇ ಇದೆ. ಎಲ್ಲಿ ತಪ್ಪಿದೆ?

ಉತ್ತರ: ತಪ್ಪಿರುವುದು ಆ 192.168.1.1ರಲ್ಲೇ. ನಿಮ್ಮ ಡೆಸ್ಕ್‌ಟಾಪ್ ಹೊರಗೆ ಹೋಗಬೇಕಾದಾಗ "192.168.1.1 ಯಾರು?" ಅಂತ ಕೇಳುತ್ತದೆ. ಪಕ್ಕದಲ್ಲೇ ಇರುವ ಹಳೇ ರೂಟರ್ ತಕ್ಷಣ "ನಾನೇ" ಅನ್ನುತ್ತದೆ. ಪಾಪ, ಅದರ ಹತ್ತಿರ ಇಂಟರ್ನೆಟ್ ಎಲ್ಲಿದೆ? ಕೆಳಗಿನ ರೂಟರ್ ತನಕ ಮಾತೇ ಹೋಗುವುದಿಲ್ಲ. ಬ್ರಿಡ್ಜ್ ಮಾಡುವಾಗ ವಿಳಾಸ ಹಂಚುವ ಯಜಮಾನ ಒಬ್ಬನೇ ಇರಬೇಕು, ಅದು ಕೆಳಗಿನ ರೂಟರ್. ಮೇಲಿನದು ತಾನು ರೂಟರ್ ಅನ್ನುವುದನ್ನೇ ಮರೆತು, ಗಾಳಿಯಲ್ಲಿ ಬಂದದ್ದನ್ನು ಕೇಬಲ್‌ಗೆ, ಕೇಬಲ್‌ನಿಂದ ಬಂದದ್ದನ್ನು ಗಾಳಿಗೆ ದಾಟಿಸಿದರೆ ಸಾಕು.

ಮೊದಲು ಹಳೇ ರೂಟರ್‌ನ ಸೆಟ್ಟಿಂಗ್ಸ್ ಪುಟದಲ್ಲಿ ಯಾವ ಮೋಡ್‌ಗಳಿವೆ ನೋಡಿ. ಕ್ಲೈಂಟ್, ಬ್ರಿಡ್ಜ್ ಅಥವಾ ಡಬ್ಲ್ಯುಡಿಎಸ್ (WDS, ರೂಟರ್‌ಗಳನ್ನು ಗಾಳಿಯಲ್ಲೇ ಜೋಡಿಸುವ ವಿಧಾನ) ಅಂತ ಇದ್ದರೆ ಕೆಲಸ ಆಗುತ್ತದೆ. ಬರೀ ಆಕ್ಸೆಸ್ ಪಾಯಿಂಟ್ ಅಂತ ಇದ್ದರೆ ಅದು ಬೇರೆ, ಅದಕ್ಕೆ ಕೆಳಗಿನಿಂದ ಕೇಬಲ್ ಬರಲೇಬೇಕು. ವಿಸ್ಪ್ (WISP) ಅನ್ನುವ ಮೋಡ್ ಕೂಡ ಇರಬಹುದು. ಅದರಲ್ಲಿ ಇಂಟರ್ನೆಟ್ ಬರುತ್ತದೆ, ಆದರೆ ಮೇಲಿನ ರೂಟರ್ ತನ್ನದೇ ಬೇರೆ ಜಾಲ ಕಟ್ಟಿಕೊಳ್ಳುತ್ತದೆ, ಹಾಗಾಗಿ ಕೆಳಗೆ ಕೂತು ಫೋನ್‌ನಿಂದ ಪ್ರಿಂಟ್ ಕೊಟ್ಟರೆ ಪ್ರಿಂಟರ್ ಕಾಣಿಸುವುದೇ ಇಲ್ಲ. ನಿಮಗೆ ಪ್ರಿಂಟರ್ ಇದೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಡಬ್ಲ್ಯುಡಿಎಸ್ ಬಗ್ಗೆ ಒಂದು ಮಾತು. ಸಾಮಾನ್ಯ ವೈಫೈ ಸಂದೇಶದಲ್ಲಿ ವಿಳಾಸ ಬರೆಯಲು ಮೂರೇ ಜಾಗ. ರೂಟರ್ ಹಿಂದೆ ಕೇಬಲ್‌ನಲ್ಲಿ ಕೂತ ಡೆಸ್ಕ್‌ಟಾಪ್‌ನ ವಿಳಾಸ ಬರೆಯಲು ಜಾಗವೇ ಇಲ್ಲ. ಡಬ್ಲ್ಯುಡಿಎಸ್ ನಾಲ್ಕನೆಯ ಜಾಗವನ್ನೂ ಬಳಸುತ್ತದೆ. ಆದರೆ ಇದನ್ನು ಒಂದೊಂದು ಕಂಪನಿ ಒಂದೊಂದು ಥರ ಮಾಡಿದೆ, ಎರಡು ಬೇರೆ ಬೇರೆ ಕಂಪನಿಯ ರೂಟರ್‌ಗಳು ಹಲವು ಸಲ ಹೊಂದುವುದಿಲ್ಲ. ಆಗ ಕ್ಲೈಂಟ್ ಮೋಡ್ ಪ್ರಯತ್ನಿಸಿ. ಮೇಲಿನ ರೂಟರ್ ಎಲ್ಲವನ್ನೂ ತನ್ನ ಹೆಸರಲ್ಲೇ ಕಳಿಸಿ, ಬಂದ ಉತ್ತರವನ್ನು ಸರಿಯಾದ ಯಂತ್ರಕ್ಕೆ ತಲುಪಿಸುತ್ತದೆ.

ಇನ್ನು ಕೆಲಸಕ್ಕೆ ಬರೋಣ. ಹಳೇ ರೂಟರನ್ನು ಕೆಳಗೆ ತಂದು ಮುಖ್ಯ ರೂಟರ್ ಇರುವ ಕೋಣೆಯಲ್ಲೇ ಇಟ್ಟುಕೊಳ್ಳಿ, ಮೆಟ್ಟಿಲು ಹತ್ತಿಳಿಯುವುದು ತಪ್ಪುತ್ತದೆ. ರಿಸೆಟ್ ತೂತಿಗೆ ಪಿನ್ ಹಾಕಿ ಸುಮಾರು 10 ಸೆಕೆಂಡ್ ಒತ್ತಿ ಹಿಡಿಯಿರಿ. ಒಂದು ಲ್ಯಾಪ್‌ಟಾಪ್‌ನ ವೈಫೈ ಆಫ್ ಮಾಡಿ, ಕೇಬಲ್ಲನ್ನು ಹಳೇ ರೂಟರ್‌ನ ಲ್ಯಾನ್ (LAN, ಮನೆಯ ಯಂತ್ರಗಳಿಗೆ ಇರುವ) ಪೋರ್ಟ್‌ಗೆ ಹಾಕಿ. ವ್ಯಾನ್ (WAN, ಹೊರಗಿನ ಇಂಟರ್ನೆಟ್ ಬರುವ) ಪೋರ್ಟ್ ಖಾಲಿ ಇರಲಿ. ಮೊದಲು ಬದಲಿಸಬೇಕಾದದ್ದು ಲ್ಯಾನ್ ವಿಳಾಸ: 192.168.1.2 ಅಂತ ಕೊಡಿ. ಮುಖ್ಯ ರೂಟರ್ ಹಂಚುವ ವಿಳಾಸಗಳ ಸಾಲಿನಲ್ಲಿ ಅದು ಇರಬಾರದು, ಒಮ್ಮೆ ನೋಡಿಕೊಳ್ಳಿ.

ಸೇವ್ ಒತ್ತಿದ ಕೂಡಲೇ ಪುಟ ಸುತ್ತುತ್ತಾ ನಿಲ್ಲುತ್ತದೆ, ಮತ್ತೆ ತೆರೆಯುವುದಿಲ್ಲ. ರೂಟರ್ ಹಾಳಾಯ್ತು ಅಂತ ಗಾಬರಿಯಾಗಿ ಇಲ್ಲೇ ತುಂಬಾ ಜನ ಮತ್ತೆ ರಿಸೆಟ್ ಮಾಡಿಬಿಡುತ್ತಾರೆ. ಏನೂ ಹಾಳಾಗಿಲ್ಲ. ರೂಟರ್ ಹೊಸ ವಿಳಾಸಕ್ಕೆ ಹೋಗಿದೆ, ಬ್ರೌಸರ್ ಹಳೇ ವಿಳಾಸದಲ್ಲಿ ಕಾಯುತ್ತಿದೆ ಅಷ್ಟೇ. ಕೇಬಲ್ ಒಮ್ಮೆ ಕಿತ್ತು ಹಾಕಿ, 192.168.1.2 ಅಂತ ಟೈಪ್ ಮಾಡಿ.

ಆಮೇಲೆ ಮೋಡ್ ಆರಿಸಿ, ಸ್ಕ್ಯಾನ್ ಕೊಟ್ಟು ನಿಮ್ಮ ವೈಫೈ ಹೆಸರು ಆರಿಸಿ, ಅದೇ ಪಾಸ್‌ವರ್ಡ್ ಹಾಕಿ. ಎರಡೂ ಕೂಡಿಕೊಂಡವು ಅಂತ ಕಂಡ ಮೇಲೆ, ತಡ ಮಾಡದೆ ಹಳೇ ರೂಟರ್‌ನ ಡಿಎಚ್‌ಸಿಪಿ (DHCP), ಅಂದರೆ ವಿಳಾಸ ಹಂಚುವ ಕೆಲಸ, ಆಫ್ ಮಾಡಿ. ಕೆಲವು ರೂಟರ್‌ಗಳು ತಾವೇ ಆಫ್ ಮಾಡಿಕೊಳ್ಳುತ್ತವೆ. ಈಗ ಕೇಬಲ್ ಇನ್ನೊಮ್ಮೆ ಕಿತ್ತು ಹಾಕಿ. ಲ್ಯಾಪ್‌ಟಾಪ್‌ಗೆ ಮುಖ್ಯ ರೂಟರ್‌ನಿಂದ ವಿಳಾಸ ಬಂದರೆ ಬ್ರಿಡ್ಜ್ ಕೆಲಸ ಮಾಡುತ್ತಿದೆ ಅಂತ ಅರ್ಥ. 169.254 ಅಂತ ಶುರುವಾಗುವ ವಿಳಾಸ ಬಂದರೆ ಸಂಪರ್ಕ ಆಗಿಲ್ಲ. ಆಗ ಲ್ಯಾಪ್‌ಟಾಪ್‌ಗೆ ಕೈಯಾರೆ 192.168.1.50, ಮಾಸ್ಕ್ 255.255.255.0 ಕೊಟ್ಟರೆ ಹಳೇ ರೂಟರ್ ಒಳಗೆ ಮತ್ತೆ ಹೋಗಬಹುದು.

ದಯವಿಟ್ಟು ಒಂದು ಕೆಲಸ ಮಾತ್ರ ಮಾಡಬೇಡಿ. ಕೆಲವು ಹಳೇ ರೂಟರ್‌ಗಳು ಡಬ್ಲ್ಯುಡಿಎಸ್‌ನಲ್ಲಿ ವೆಪ್ (WEP) ಅನ್ನುವ ಹಳೇ ಕಾಲದ ಸುರಕ್ಷತೆಯನ್ನಷ್ಟೇ ಕೊಡುತ್ತವೆ. ಅದಕ್ಕೋಸ್ಕರ ಮುಖ್ಯ ರೂಟರನ್ನೂ ವೆಪ್‌ಗೆ ಇಳಿಸಿದರೆ ಇಡೀ ಮನೆಯ ವೈಫೈ ಬಾಗಿಲು ತೆರೆದಿಟ್ಟ ಹಾಗೆ. ವೆಪ್ ಮುರಿಯುವ ದಾರಿ 2001ರಲ್ಲೇ ಎಲ್ಲರಿಗೂ ಗೊತ್ತಾಗಿದೆ. ಅದಕ್ಕಿಂತ ಗಟ್ಟಿಯಾದ ಡಬ್ಲ್ಯುಪಿಎ2 (WPA2) ಸುರಕ್ಷತೆ ಆದರೂ ಇಲ್ಲದಿದ್ದರೆ ಆ ರೂಟರ್ ಬೇಡವೇ ಬೇಡ.

ಪ್ರಶ್ನೆ: ಎರಡನೇ ರೂಟರನ್ನು ರಿಪೀಟರ್ ಮಾಡಿದ್ದೇನೆ. ಅದರ ವೈಫೈನಲ್ಲಿ ವೇಗ ಅರ್ಧಕ್ಕೆ ಇಳಿದಿದೆ. ರೂಟರ್ ಕೆಟ್ಟಿದೆಯಾ?

ಉತ್ತರ: ಇಲ್ಲ. ರಿಪೀಟರ್ ಒಂದೇ ರೇಡಿಯೋದಲ್ಲಿ ಕೇಳಿಸಿಕೊಂಡು ಅದರಲ್ಲೇ ಮತ್ತೆ ಹೇಳಬೇಕು, ಅದೇ ಚಾನೆಲ್‌ನಲ್ಲಿ ಪ್ರತಿ ಮಾತೂ ಎರಡು ಸಲ ಹೋಗುತ್ತದೆ. ನಿಮ್ಮ ಎರಡೂ ರೂಟರ್‌ಗಳಲ್ಲಿ 2.4 ಮತ್ತು 5 ಗಿಗಾಹರ್ಟ್ಸ್ ಎರಡೂ ಇದ್ದರೆ, ರೂಟರ್‌ಗಳ ನಡುವಿನ ಸಂಪರ್ಕಕ್ಕೆ 5 ಇಟ್ಟು ಫೋನ್‌ಗಳಿಗೆ 2.4 ಬಿಡಿ. ಕೇಬಲ್ ಯಂತ್ರಗಳಿಗೆ ಮಾತ್ರ ಬ್ರಿಡ್ಜ್ ಬಳಸಿದರೆ ಈ ತೊಂದರೆಯೇ ಇಲ್ಲ, ಅಲ್ಲಿ ಗಾಳಿಯಲ್ಲಿ ಒಂದೇ ಸಲ ಹೋಗುತ್ತದೆ. ಇನ್ನೊಂದು, ಸಿಗ್ನಲ್ ಸತ್ತ ಮೂಲೆಯಲ್ಲಿ ರಿಪೀಟರ್ ಇಡಬೇಡಿ. ಚೆನ್ನಾಗಿ ಸಿಗುವ ಜಾಗ ಎಲ್ಲಿ ಮುಗಿಯುತ್ತದೋ ಅದಕ್ಕಿಂತ ಸ್ವಲ್ಪ ಈಚೆಗೆ ಇಡಿ.

ಪ್ರಶ್ನೆ: ಕರೆಂಟ್ ಹೋಗಿ ಬಂದಾಗಲೆಲ್ಲ ನಮ್ಮ ಡಬ್ಲ್ಯುಡಿಎಸ್ ಬ್ರಿಡ್ಜ್ ಕಡಿದುಹೋಗುತ್ತದೆ. ಯಾಕೆ?

ಉತ್ತರ: ಮುಖ್ಯ ರೂಟರ್‌ನ ಚಾನೆಲ್ ಆಟೋದಲ್ಲಿದೆಯಾ ನೋಡಿ. ಅದು ಎದ್ದಾಗಲೆಲ್ಲ ಬೇರೆ ಚಾನೆಲ್ ಹಿಡಿಯಬಹುದು, ಎರಡನೆಯದು ಹಳೇ ಚಾನೆಲ್‌ನಲ್ಲೇ ಕಾಯುತ್ತಿರುತ್ತದೆ. 2.4ರಲ್ಲಿ 1, 6, 11 ಈ ಮೂರರಲ್ಲಿ ಒಂದನ್ನು ಗಟ್ಟಿ ಮಾಡಿ. 5ರಲ್ಲಿ 36ರಿಂದ 48ರ ಒಳಗಿನದು ಒಳ್ಳೆಯದು. 52ರಿಂದ 144ರ ಚಾನೆಲ್‌ಗಳಲ್ಲಿ ರೇಡಾರ್ ಸಂಕೇತ ಕಂಡರೆ ರೂಟರ್ ಜಾಗ ಬಿಟ್ಟು ಏಳಬೇಕು, ಶುರುವಾಗುವ ಮೊದಲೂ ಕನಿಷ್ಠ 60 ಸೆಕೆಂಡ್ ಸುಮ್ಮನೆ ಆಲಿಸಬೇಕು. ಚಾನೆಲ್ ಗಟ್ಟಿ ಮಾಡಿದ ಮೇಲೆ ಎರಡನ್ನೂ ಆಫ್ ಮಾಡಿ, ಮುಖ್ಯ ರೂಟರನ್ನು ಮೊದಲು, ಒಂದೆರಡು ನಿಮಿಷ ಬಿಟ್ಟು ಎರಡನೆಯದನ್ನು ಆನ್ ಮಾಡಿ ನೋಡಿ.